ಟಿವಿ ಬಿಟ್ಟು ಬುಲೆಟಿನ್ ಹಿಡಿದೆ: ಮಲ್ಪೆಯ ಬೋಟ್ ಮಾಲೀಕನ ತೂಫಾನು ಲೆಕ್ಕ

ತೂಫಾನು ಸುದ್ದಿ ಬಂದರೆ ಟಿವಿ ಹಾಕುವುದನ್ನು ನಾನು 2019ರ ನಂತರ ಬಿಟ್ಟೇಬಿಟ್ಟೆ. ಹವಾಮಾನ ಇಲಾಖೆಯ ಬುಲೆಟಿನ್ ಓದಿ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. "ಅಷ್ಟು ತೋರಿಸ್ತಾ ಇದ್ದಾರೆ ಮಾರಾಯ, ನೀನು ಪುಸ್ತಕ ಹಿಡ್ಕೊಂಡು ಕೂತ್ರೆ ಆಯ್ತಾ?" ಅಂದವರು ಪಕ್ಕದ ಬೋಟಿನವರೇ. ಈಗ ಅವರೇ ಐಸ್ ತುಂಬಿಸುವ ಮೊದಲು ಫೋನ್ ಮಾಡಿ "ನಿನ್ನ ಪುಸ್ತಕ ಏನು ಹೇಳ್ತದೆ" ಅಂತ ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬೋಟು, ಜಿಪಿಎಸ್, ವೈರ್‌ಲೆಸ್ ಗೊತ್ತಿರುವವರಿಗೆ ಮಾತ್ರ ಇದು. ತೂಫಾನು ಹೇಗೆ ಹುಟ್ಟುತ್ತದೆ ಎಂಬ ಪಾಠ ಇಲ್ಲಿಲ್ಲ.

ಶುರುವಾದದ್ದು ಕ್ಯಾರ್ ತೂಫಾನಿನ ಕಾಲದಲ್ಲಿ. 2019ರ ಅಕ್ಟೋಬರ್ ಕೊನೆಯ ವಾರ. ನಮ್ಮ ಕರಾವಳಿಗೆ ಮಳೆ ಸುರಿಸಿದ ಕ್ಯಾರ್ ಮೇಲಕ್ಕೆ ಹೋಗಿ ಒಮಾನ್ ಕಡೆ ತಿರುಗಿತು, 27ರ ಹೊತ್ತಿಗೆ ಸೂಪರ್ ಸೈಕ್ಲೋನ್ ಆಯಿತು. 2007ರ ಗೋನು ಬಿಟ್ಟರೆ ಅರಬ್ಬಿ ಸಮುದ್ರದಲ್ಲಿ ಅಷ್ಟು ದೊಡ್ಡದು ಬಂದಿರಲಿಲ್ಲ. ದಿಕ್ಕು ತಿರುಗಿದ್ದೇ ತಡ, ನಾನು ನೋಡುತ್ತಿದ್ದ ಚಾನೆಲ್ "ಕರ್ನಾಟಕ ಪಾರು" ಅಂತ ಹಾಕಿ ರಾಜಕೀಯಕ್ಕೆ ಹೋಯಿತು. ಆ ಮಾತಿನ ಮೇಲೆ ಬೋಟು ಬಿಟ್ಟಾಯಿತು. ಒಂದೆರಡು ದಿನದಲ್ಲಿ ಲಕ್ಷದ್ವೀಪದ ಕಡೆಯಿಂದ ಮಹಾ ಎಂಬ ಇನ್ನೊಂದು ತೂಫಾನು ಎದ್ದಿತು. ಬಲೆ ಸರಿಯಾಗಿ ಬಿಡುವ ಮೊದಲೇ ತಾಂಡೇಲ (ಬೋಟು ನಡೆಸುವವನು) ವೈರ್‌ಲೆಸ್‌ನಲ್ಲಿ ಕೂಗಿದ, ಕಾರವಾರಕ್ಕೆ ಓಡಬೇಕಾಯಿತು. ಡೀಸೆಲ್, ಐಸ್, ರೇಷನ್ ಸೇರಿ ಮೂರೂವರೆ ಲಕ್ಷದ ಹತ್ತಿರ ನೀರಿಗೆ ಹೋಯಿತು. ಎಳೆಯುವಾಗ ಬಲೆಯೊಂದು ಹರಿದು ಹೋದದ್ದು ಬೇರೆ.

ಕಾರವಾರದಲ್ಲಿ ಬೋಟು ಕಟ್ಟಿದ ಮೇಲೆ ಹಳೆಯ ಬುಲೆಟಿನ್‌ಗಳನ್ನೆಲ್ಲ ಫೋನಿನಲ್ಲಿ ತೆಗೆದು ಕೂತು ಓದಿದೆ. ಮುಂದೆ ಮಹಾ ಆದ, ಕನ್ಯಾಕುಮಾರಿ ಕೆಳಗಿನ ವಾಯುಭಾರ ಕುಸಿತ ಹವಾಮಾನ ಇಲಾಖೆಯ ಕಾಗದದಲ್ಲಿ ಮೊದಲೇ ಇತ್ತು. ಹೆಸರು ಮಾತ್ರ ಇರಲಿಲ್ಲ. ಗಾಳಿ 34 ನಾಟ್ (ಗಂಟೆಗೆ ಸುಮಾರು 63 ಕಿಲೋಮೀಟರ್) ಮುಟ್ಟಿದ ಮೇಲೆಯೇ ಹೆಸರು ಕೊಡುವುದು. ಹೆಸರಿಲ್ಲದ್ದಕ್ಕೆ ಟಿವಿಯಲ್ಲಿ ಗ್ರಾಫಿಕ್ಸ್ ಇಲ್ಲ, ಆಂಕರ್ ಕೂಗುವುದೂ ಇಲ್ಲ. 2017ರ ಓಖಿ ನೆನಪಿದೆಯಲ್ಲ? ಡಿಪ್ರೆಶನ್ (ವಾಯುಭಾರ ಕುಸಿತ) ಇದ್ದದ್ದು ಸುಮಾರು ಒಂದೇ ದಿನದಲ್ಲಿ ಸೈಕ್ಲೋನ್ ಆಯಿತು, ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ಆಗಲೇ ಹೊರಗಿದ್ದವು. ಹೆಸರು ಇಡುವವರೆಗೆ ಕಾದರೆ ನಮ್ಮಂಥವರಿಗೆ ತಡವಾಗಿರುತ್ತದೆ.

ಅವತ್ತಿನಿಂದ ಇನ್ನೂರು ಪುಟದ ಪುಸ್ತಕ ಇಟ್ಟೆ. ಒಂದು ಕಲಂ: ಚಾನೆಲ್ ಏನಂದಿತು (ಈಗ ಅದನ್ನು ಮಗಳು ಫೋನಿನಲ್ಲಿ ನೋಡಿ ಬರೆಯುತ್ತಾಳೆ). ಎರಡನೆಯದು: ಬುಲೆಟಿನ್ ಏನಂದಿತು. ಮೂರನೆಯದು: ತಾಂಡೇಲ ವೈರ್‌ಲೆಸ್‌ನಲ್ಲಿ ಹೇಳಿದ ಗಾಳಿ, ತೆರೆ. ನಾಲ್ಕನೇ ಕಲಂ ಒಂದಿದೆ, ಅದರಲ್ಲಿ ಏನು ಬರೆಯುತ್ತೇನೆ ಎಂದು ಇಲ್ಲಿ ಹೇಳುವುದಿಲ್ಲ. ನಮ್ಮ ತಾಂಡೇಲನಿಗೂ ಎರಡು ವರ್ಷ ಆದ ಮೇಲೆಯೇ ಹೇಳಿದ್ದು.

ಬುಲೆಟಿನ್‌ನಲ್ಲಿ ನಾನು ಮೊದಲು ನೋಡುವುದು ದೂರವನ್ನು ಯಾವ ಊರಿನಿಂದ ಅಳೆದಿದ್ದಾರೆ ಅಂತ. ಇದನ್ನು ಯಾರೂ ಗಮನಿಸುವುದಿಲ್ಲ. ದೂರ ಪಣಜಿ, ಮುಂಬೈಯಿಂದ ಕೊಟ್ಟಿದ್ದರೆ ನಮಗೆ ಕೆಲಸ ಇದೆ. ಸೊಕೊಟ್ರಾ, ಸಲಾಲಾದಿಂದ ಕೊಟ್ಟಿದ್ದರೆ ಅದು ಯೆಮೆನ್, ಒಮಾನ್‌ನವರ ತಲೆನೋವು. ಆಮೇಲೆ ಹೊತ್ತು. ಬುಲೆಟಿನ್‌ನ 0300 ಯುಟಿಸಿ (ಲೋಕಕ್ಕೆಲ್ಲ ಒಂದೇ ಲೆಕ್ಕದ ಹೊತ್ತು) ಅಂದರೆ ನಮ್ಮ ಬೆಳಿಗ್ಗೆ ಎಂಟೂವರೆ. ರಾತ್ರಿ ಎಂಟಕ್ಕೆ ಕೆಂಪು ಪಟ್ಟಿಯಲ್ಲಿ "ಈಗಷ್ಟೇ ಬಂದ ಸುದ್ದಿ" ಅಂತ ಓಡಿದ್ದು ಬೆಳಿಗ್ಗೆಯ ಲೆಕ್ಕ ಆಗಿದ್ದನ್ನು ಪುಸ್ತಕದಲ್ಲಿ ಎಷ್ಟೋ ಸಲ ಗುರುತು ಹಾಕಿದ್ದೇನೆ. ಅಷ್ಟರಲ್ಲಿ ಹೊಸ ಬುಲೆಟಿನ್‌ಗಳು ಬಂದಾಗಿರುತ್ತವೆ.

ಮೂರನೆಯದು ಆ ಶಂಕುವಿನ ಆಕಾರದ ನಕ್ಷೆ. ಟಿವಿಯಲ್ಲಿ ಅದಕ್ಕೆ ಕೆಂಪು ಬಳಿದು, ಅಷ್ಟೂ ಜಾಗಕ್ಕೆ ತೂಫಾನು ಹೊಡೆಯುತ್ತದೆ ಅನ್ನುತ್ತಾರೆ. ಅದು ತೂಫಾನಿನ ಗಾತ್ರವೇ ಅಲ್ಲ. ಕೇಂದ್ರ ಎಲ್ಲೆಲ್ಲಿ ಹೋಗಬಹುದು ಎಂಬ ಅಂದಾಜು, ಹಿಂದಿನ ವರ್ಷಗಳ ತಪ್ಪುಗಳ ಮೇಲೆ ಹಾಕಿದ್ದು. ನೆನಪಿನಿಂದ ಹೇಳುವುದಾದರೆ ನಮ್ಮ ಇಲಾಖೆಯ ದಾರಿಯ ಲೆಕ್ಕ 24 ಗಂಟೆಗೆ ಸರಾಸರಿ 75-80 ಕಿಲೋಮೀಟರ್ ಆಚೀಚೆ ಆಗುತ್ತದೆ, ಮೂರು ದಿನಕ್ಕೆ 160ರ ಹತ್ತಿರ. ಕೇಂದ್ರ ಶಂಕುವಿನ ಹೊರಗೂ ಹೋಗಬಹುದು, ಗಾಳಿ ಮತ್ತು ತೆರೆ ಅದರಾಚೆಗೂ ಇರುತ್ತದೆ. ಟಿವಿ ಒಳಗಿನವರನ್ನು ಸುಮ್ಮನೆ ಹೆದರಿಸುತ್ತದೆ, ಹೊರಗಿನವರನ್ನು ಸುಮ್ಮನೆ ನಿಶ್ಚಿಂತೆ ಮಾಡುತ್ತದೆ. ನನಗೆ ಎರಡನೆಯದರ ಮೇಲೆ ಸಿಟ್ಟು ಹೆಚ್ಚು.

ಒಂದು ಮಾತು ಸ್ಪಷ್ಟ. ಮೀನುಗಾರರ ಎಚ್ಚರಿಕೆಯಲ್ಲಿ ಕರ್ನಾಟಕ ಕರಾವಳಿ ಅಥವಾ ನಾವು ಹೋಗುವ ನೀರಿನ ಹೆಸರಿದ್ದರೆ ಬೋಟು ಬಿಡುವುದಿಲ್ಲ. ಅಲ್ಲಿ ನನ್ನ ಪುಸ್ತಕಕ್ಕೂ ಬೆಲೆ ಇಲ್ಲ, ನನ್ನ ಧೈರ್ಯಕ್ಕೂ ಬೆಲೆ ಇಲ್ಲ. ಬೋಟಿನಲ್ಲಿ ಇರುವವರು ಹೊನ್ನಾವರದ, ಒಡಿಶಾದ ಬೇರೆಯವರ ಮಕ್ಕಳು.

ಮಧ್ಯದಲ್ಲಿ ಬೇರೆ ಪ್ರಯೋಗಗಳೂ ಆದವು. ಎರಡೂವರೆ ಸಾವಿರ ಕೊಟ್ಟು ಕೈಯಲ್ಲಿ ಹಿಡಿಯುವ ಗಾಳಿ ಮೀಟರ್ ತರಿಸಿ ಕ್ಯಾಬಿನ್ ಮೇಲೆ ಕಟ್ಟಿದೆವು. ಬೋಟಿನ ಓಟವೇ ಅದರಲ್ಲಿ ಸೇರಿಕೊಳ್ಳುತ್ತಿತ್ತು, ಉಪ್ಪುನೀರಿಗೆ ತಿಂಗಳೊಳಗೆ ಕಚ್ಚಿಕೊಂಡಿತು. ಫೋನಿನಲ್ಲಿ ಗಾಳಿಯ ಒತ್ತಡ ತೋರಿಸುವ ಆ್ಯಪ್ ಹಾಕಿಸಿದೆ. ಮೊದಲ ವಾರ ತಾಂಡೇಲ ದಿನಾ ಸಂಜೆ "ಅಣ್ಣ, ಪ್ರೆಷರ್ ಬೀಳ್ತಾ ಉಂಟು" ಅಂತಿದ್ದ. ನಮ್ಮ ಕಡೆ ಒತ್ತಡ ದಿನಕ್ಕೆರಡು ಸಲ ತಾನಾಗಿ ಏರಿ ಇಳಿಯುತ್ತದೆ: ಬೆಳಿಗ್ಗೆ ಹತ್ತಕ್ಕೆ ಮೇಲೆ, ಸಂಜೆ ನಾಲ್ಕಕ್ಕೆ ಕೆಳಗೆ, ರಾತ್ರಿ ಮತ್ತೆ ಹಾಗೆಯೇ. ಎರಡು ಮೂರು ಮಿಲಿಬಾರ್ ಇಳಿದರೆ ಅದು ಸುದ್ದಿಯಲ್ಲ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಅಂತ ಹೋಲಿಸಲು ಶುರುಮಾಡಿದ ಮೇಲೆ ಅದು ಉಪಯೋಗಕ್ಕೆ ಬಂತು. ಗಾಳಿ ನಕ್ಷೆಯ ಆ್ಯಪ್‌ಗಳಲ್ಲಿ ಹತ್ತು ದಿನ ಮುಂಚೆ ಕಾಣುವ ಕೆಂಪು ಸುಳಿಯನ್ನು ನಂಬಿ ಟ್ರಿಪ್ ಮುಂದೂಡಿ ಕೆಲವು ಸಲ ಕಳೆದುಕೊಂಡೆವು. ಈಗ ನಾಲ್ಕೈದು ದಿನದ ಆಚೆ ನಾನು ನೋಡುವುದೇ ಇಲ್ಲ.

ಪುಸ್ತಕ ಗೆದ್ದದ್ದು 2023ರ ಅಕ್ಟೋಬರ್‌ನಲ್ಲಿ, ತೇಜ್ ಬಂದಾಗ. ಚಾನೆಲ್‌ಗಳಲ್ಲಿ ಅರಬ್ಬಿ ಸಮುದ್ರ ಪೂರ್ತಿ ಸುತ್ತುವ ಚಕ್ರ. ಅದರಲ್ಲಿ ಒಂದು ದೃಶ್ಯ ಮಗಳು ನಿಲ್ಲಿಸಿ ತೋರಿಸಿದಳು: ತಂತಿಯ ಮೇಲೆ ಜೋತಾಡುವ ಹಳದಿ ಟ್ರಾಫಿಕ್ ಸಿಗ್ನಲ್, ರಸ್ತೆಯ ಬಲಗಡೆ ಓಡುವ ಕಾರುಗಳು. ಅದು ಅಮೆರಿಕದ ಯಾವುದೋ ಹರಿಕೇನ್! ಬುಲೆಟಿನ್‌ನಲ್ಲಿ ದೂರ ಸೊಕೊಟ್ರಾ, ಸಲಾಲಾದಿಂದ. ಮಲ್ಪೆಯಿಂದ ಲೆಕ್ಕ ಹಾಕಿದರೆ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು, ಇನ್ನೂ ಪಶ್ಚಿಮಕ್ಕೇ ಹೋಗುತ್ತಿತ್ತು. ಎಚ್ಚರಿಕೆ ಇದ್ದದ್ದು ಆ ಕಡೆಯ ನೀರಿಗೆ. ತೆರೆಯ ಲೆಕ್ಕವನ್ನು ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಸರಕಾರಿ ಕೇಂದ್ರ ಇನ್‌ಕಾಯ್ಸ್‌ನಲ್ಲಿ ಎರಡು ಸಲ ನೋಡಿ ಬೋಟು ಬಿಟ್ಟೆ. ಆಯುಧಪೂಜೆಗೆ ನಿಂತವರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಐಸ್ ತುಂಬಿಸಿ, ಟಿವಿ ನೋಡಿ ನಿಂತ ಬೋಟುಗಳೂ ಇದ್ದವು. ಅವರ ಐಸ್ ಕರಗಿದ್ದೇ ಅರವತ್ತು ಎಪ್ಪತ್ತು ಸಾವಿರದ್ದು. ತೇಜ್ 24ರಂದು ಯೆಮೆನ್‌ಗೆ ಹೋಗಿ ಹೊಡೆಯಿತು. ನಮ್ಮ ಬೋಟು ಬಂದಾಗ ದಕ್ಕೆಯಲ್ಲಿ ಮಾಲು ಕಡಿಮೆ, ಬೊಂಡಾಸಿಗೆ (ಸ್ಕ್ವಿಡ್) ಒಳ್ಳೆಯ ರೇಟು. ಖರ್ಚು ಐದರ ಹತ್ತಿರ, ಮಾಲು ಹನ್ನೊಂದು ಹನ್ನೆರಡು ಲಕ್ಷದ್ದು. ಎಲ್ಲಿ ಎಳೆದದ್ದು ಅಂತ ಕೇಳಬೇಡಿ.

ಇದಕ್ಕಿಂತ ನನಗೆ ಹೆಚ್ಚು ಹೆಮ್ಮೆ ಇರುವುದು ಮರುವರ್ಷದ ಫೆಂಗಲ್ ಬಗ್ಗೆ, ಅದರಲ್ಲಿ ಒಂದು ರೂಪಾಯಿಯೂ ಬರಲಿಲ್ಲ. 2024ರ ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ ದಡ ದಾಟಿತು. ಟಿವಿಯಲ್ಲಿ ಅಲ್ಲಿಗೆ ತೂಫಾನಿನ ಕಥೆ ಮುಗಿಯಿತು. ಬುಲೆಟಿನ್‌ನಲ್ಲಿ ಮುಗಿದಿರಲಿಲ್ಲ: ಉಳಿದದ್ದು ಪಶ್ಚಿಮಕ್ಕೆ ಸರಿದು ನಮ್ಮ ಸಮುದ್ರಕ್ಕೆ ಇಳಿಯುತ್ತದೆ ಅಂತ ಇತ್ತು. ಬೋಟು ಭಟ್ಕಳದ ಆಚೆ ಇತ್ತು, ಮೀನೂ ಬೀಳುತ್ತಿತ್ತು. ತಾಂಡೇಲನಿಗೆ ಒಳಗೆ ಬಾ ಅಂದೆ. "ಇಲ್ಲಿ ಆಕಾಶ ಚೆಂದ ಉಂಟು ಅಣ್ಣ" ಅಂದ, ಆದರೂ ಬಂದ. ಡಿಸೆಂಬರ್ 3ಕ್ಕೆ ಅದು ಈಚೆ ಇಳಿಯಿತು, ಉಡುಪಿ, ಮಂಗಳೂರಿನಲ್ಲಿ ಸುರಿದ ಮಳೆ ನೀವೂ ನೋಡಿದ್ದೀರಿ. ಹುಡುಗರು ಅವತ್ತು ರೂಮಿನಲ್ಲಿ ಮಲಗಿದ್ದರು.

ಅದೇ ವರ್ಷ ಫ್ಲೋರಿಡಾದ ಮಿಲ್ಟನ್ ಹರಿಕೇನನ್ನೂ ಪುಸ್ತಕದಲ್ಲಿ ಬರೆದೆ, ಅಲ್ಲಿಯ ಸುದ್ದಿ ಹೇಗಿರುತ್ತದೆ ನೋಡೋಣ ಅಂತ. ಸಮುದ್ರದ ಮಧ್ಯೆ ಗಾಳಿ ಗಂಟೆಗೆ 285 ಕಿಲೋಮೀಟರ್ ಮುಟ್ಟಿತ್ತು. ದಡ ಮುಟ್ಟುವಾಗ ಅದು ಅವರ ಐದು ವರ್ಗಗಳಲ್ಲಿ ಮೂರನೇ ವರ್ಗಕ್ಕೆ ಇಳಿದಿತ್ತು, ಆದರೆ ನಾವು ನೋಡಿದ ಚಾನೆಲ್‌ನಲ್ಲಿ ಕೊನೆಯವರೆಗೂ 285ರದ್ದೇ ಮಾತು. ಇನ್ನೊಂದು: ಅವರು ಒಂದು ನಿಮಿಷದ ಸರಾಸರಿ ಹಿಡಿಯುತ್ತಾರೆ, ನಮ್ಮವರು ಮೂರು ನಿಮಿಷದ್ದು. ಒಂದೇ ಗಾಳಿಗೆ ಅವರ ಅಂಕಿ ದೊಡ್ಡದಾಗಿ ಕಾಣುತ್ತದೆ. ಅಲ್ಲಿಯ ಅಂಕಿ ಇಲ್ಲಿಯದರ ಪಕ್ಕದಲ್ಲಿಟ್ಟು ಹೋಲಿಸುವ ಕಾರ್ಯಕ್ರಮಗಳನ್ನು ನಂಬಬೇಡಿ.

ಹವಾಮಾನ ಬದಲಾವಣೆಯ ವಿಷಯ. ಚಾನೆಲ್‌ನವರಿಗೆ ಪ್ರತಿ ತೂಫಾನೂ ಅದರಿಂದಲೇ. ವಾಟ್ಸ್‌ಆ್ಯಪ್‌ನಲ್ಲಿ ಬರುವವರಿಗೆ ಅದೆಲ್ಲ ಸುಳ್ಳು. ಟಿವಿ ನಂಬದವನು ಅಂದ ಮೇಲೆ ನಾನೂ ಎರಡನೇ ಗುಂಪಿನವನು ಅಂದುಕೊಂಡು ಕೆಲವರು ಬೆನ್ನು ತಟ್ಟಿದರು. ನಾನು ಅವರ ಕಡೆಯವನಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಕೊಟ್ಟಿದ್ದಾರೆ: 2001ರಿಂದ 2019ರವರೆಗೆ ಅರಬ್ಬಿ ಸಮುದ್ರದ ಸೈಕ್ಲೋನ್‌ಗಳು ಅದರ ಹಿಂದಿನ ಎರಡು ದಶಕಕ್ಕಿಂತ 52% ಹೆಚ್ಚು, ಅದೇ ಹೊತ್ತಿನಲ್ಲಿ ಬಂಗಾಳ ಕೊಲ್ಲಿಯಲ್ಲಿ 8% ಕಡಿಮೆ. ನಮ್ಮ ನೀರು ಬಿಸಿಯಾಗಿದೆ, ಅದನ್ನು ಬಂಗುಡೆ, ಬೂತಾಯಿ ಹಿಡಿಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಡೀ ಲೋಕದ ಲೆಕ್ಕದಲ್ಲಿ ಮಾತ್ರ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) ಅಷ್ಟು ದೊಡ್ಡ ಗಂಟಲಿನಲ್ಲಿ ಹೇಳುವುದಿಲ್ಲ. ಜೋರಿನ ತೂಫಾನುಗಳ ಪಾಲು ನಾಲ್ಕು ದಶಕದಲ್ಲಿ ಹೆಚ್ಚಾಗಿರುವ ಸಾಧ್ಯತೆ ಇದೆ ಅನ್ನುತ್ತದೆ, ಒಟ್ಟು ಸಂಖ್ಯೆಯ ಬಗ್ಗೆ ಗಟ್ಟಿಯಾಗಿ ಏನೂ ಅನ್ನುವುದಿಲ್ಲ. ಇಷ್ಟನ್ನು ಇದ್ದ ಹಾಗೆ ಓದಲು ಚಾನೆಲ್‌ಗೆ ಎರಡು ನಿಮಿಷ ಸಾಕು. ಅದನ್ನು ಓದದೆ ಸುತ್ತುವ ಚಕ್ರ ತೋರಿಸಿ ತೋರಿಸಿ ಜನರ ನಂಬಿಕೆ ಕಳೆದಿದ್ದಾರೆ. ನಿಜವಾದ ಎಚ್ಚರಿಕೆ ಬಂದ ದಿನವೂ "ಇದು ಟಿವಿಯವರದ್ದು" ಅಂತ ಬಲೆ ಎತ್ತಿಕೊಂಡು ಹೊರಡುವವರನ್ನು ನಾನು ದಕ್ಕೆಯಲ್ಲಿ ಕಣ್ಣಾರೆ ನೋಡಿದ್ದೇನೆ, ಕೈ ಹಿಡಿದು ನಿಲ್ಲಿಸಿದ್ದೂ ಇದೆ.

ಈಗ ಮೂರು ನಾಲ್ಕು ಬೋಟಿನವರು ಸೇರಿ ಒಂದೇ ಪುಸ್ತಕ ನಡೆಸುತ್ತೇವೆ. ಮೂರನೇ ಕಲಂ ನಾಲ್ಕು ಕಡೆಯಿಂದ ತುಂಬುತ್ತದೆ, ಹಾಗಾಗಿ ಇನ್‌ಕಾಯ್ಸ್‌ನ ತೆರೆಯ ಲೆಕ್ಕ ಗಂಗೊಳ್ಳಿ ಆಚೆ ಎಷ್ಟು ಸರಿ, ಕಾರವಾರದ ಆಚೆ ಎಷ್ಟು ಸರಿ ಅಂತ ಬೇರೆ ಬೇರೆ ನೋಡಬಹುದು. ತೆರೆಯ ಎತ್ತರದ ಜೊತೆ ಎರಡು ತೆರೆಗಳ ನಡುವಿನ ಸೆಕೆಂಡುಗಳನ್ನೂ ಬರೆಯಲು ಹೇಳಿದ್ದೇನೆ. ದೂರದ ತೂಫಾನಿನ ತೆರೆ ಉದ್ದಕ್ಕೆ ಬರುತ್ತದೆ, ಸೆಕೆಂಡು ಜಾಸ್ತಿ. ಮೇ ಕೊನೆಗೆ ಬೋಟು ಕಟ್ಟಿದ ಮೇಲೆ ಎರಡು ತಿಂಗಳ ಬಿಡುವಿನಲ್ಲಿ ಕೂತು ಲೆಕ್ಕ ತೆಗೆಯಬೇಕು.