ವೆನಿಲ್ಲಾ ದರ ಬಿದ್ದ ವರ್ಷ ಸೊಸೆಯಾಗಿ ಬಂದೆ

ನಮ್ಮದು ಕಾರವಾರದ ಬೈತಖೋಲ. ಅಪ್ಪನಿಗೆ ದೋಣಿ, ಅಮ್ಮನಿಗೆ ಒಣಮೀನಿನ ವ್ಯಾಪಾರ, ಮನೆಮಾತು ಕೊಂಕಣಿ. ಗಂಡನದು ಶಿರಸಿ ಕಡೆಯ ಹವ್ಯಕ ಬ್ರಾಹ್ಮಣರ ಮನೆ, ಮೂರು ಎಕರೆ ಅಡಿಕೆ ತೋಟ. ಕುಮಟಾದಲ್ಲಿ ಬಿ.ಎಡ್. ಓದುವಾಗ ಪರಿಚಯ. ಎರಡೂ ಮನೆಯಲ್ಲಿ ಆದ ಗಲಾಟೆ ಬರೆಯುವುದಿಲ್ಲ, ಅಂಥ ಗಲಾಟೆ ಎಲ್ಲ ಕಡೆ ಒಂದೇ ಥರ. ರಿಜಿಸ್ಟರ್ ಮದುವೆಗೆ 30 ದಿನ ಮೊದಲೇ ನೋಟಿಸ್ ಹಚ್ಚುತ್ತಾರೆ. ಆ 30 ದಿನದಲ್ಲಿ ನಾನು ಎಷ್ಟು ಇಳಿದುಹೋದೆನೆಂದರೆ, ಮದುವೆಗೆ ಹೊಲಿಸಿದ ರವಿಕೆ ಜೋತುಬಿತ್ತು. 2004ರ ಡಿಸೆಂಬರಿನಲ್ಲಿ ಸಹಿ ಹಾಕಿದೆವು.

ಮನೆ ಸೇರಿದ ಮೇಲೆ ಗೊತ್ತಾಯಿತು, ಅಲ್ಲಿ ನನಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು: ವೆನಿಲ್ಲಾ.

2000ದ ಏಪ್ರಿಲಿನಲ್ಲಿ ಹುಡಾ ಚಂಡಮಾರುತ, ಜಗತ್ತಿನ ಬಹುಪಾಲು ವೆನಿಲ್ಲಾ ಬೆಳೆಯುವ ಮಡಗಾಸ್ಕರಿನ ತೋಟಗಳನ್ನು ಮಲಗಿಸಿತ್ತು. ಅಲ್ಲಿ ಬೆಳೆ ಹೋದದ್ದೇ ಇಲ್ಲಿ ದರ ಹತ್ತಿತು. 2003ರ ಹೊತ್ತಿಗೆ ಹಸಿ ಕೋಡು ಕಿಲೋಗೆ 3,000 ರೂಪಾಯಿ ದಾಟಿ, ಜನ ತೋಟದಲ್ಲಿ ನಾಯಿ ಕಟ್ಟಿ ರಾತ್ರಿಯಿಡೀ ಬಳ್ಳಿ ಕಾದರು. ಮಾವನೂ ಸಾಲ ಮಾಡಿ ಅಡಿಕೆ ಮರಗಳ ನಡುವೆ ಬಳ್ಳಿ ಹಬ್ಬಿಸಿದ್ದರು. ನೆಟ್ಟದ್ದು ಹೂ ಬಿಡಲು ಮೂರು ವರ್ಷ ಬೇಕು. ನಮ್ಮದು ಹೂ ಬಿಡುವಷ್ಟರಲ್ಲಿ ಮಡಗಾಸ್ಕರ್ ಎದ್ದು ಕೂತಿತ್ತು, ಕೊಳ್ಳುವ ಕಂಪನಿಗಳು ಕೃತಕ ವೆನಿಲಿನ್ ಕಡೆ ಹೊರಳಿದ್ದವು. ಆದರೂ ದರ ಮತ್ತೆ ಏರುತ್ತದೆ ಅಂತ ಎಲ್ಲರಿಗೂ ಆಸೆ.

ಫೆಬ್ರವರಿಯಲ್ಲಿ ಹೂ ಶುರುವಾಯಿತು. ಬೆಳಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬಾಡುತ್ತದೆ. ವೆನಿಲ್ಲಾದ ತವರು ಮೆಕ್ಸಿಕೋದಲ್ಲಿ ಜೇನು ಮಾಡುವ ಪರಾಗಸ್ಪರ್ಶದ ಕೆಲಸ ಇಲ್ಲಿ ಕೈಯಿಂದಲೇ ಆಗಬೇಕು. ಮೊದಲೇ ನೆಟ್ಟ ನಾಲ್ಕಾರು ಬಳ್ಳಿಯಲ್ಲಿ ಮಾವನ ಅಮ್ಮ ಆ ಕೆಲಸ ಕಲಿತಿದ್ದರು. ಭಾರೀ ಮಡಿಯವರು. ಅಡುಗೆಮನೆಗೆ ನನ್ನನ್ನು ಬಿಟ್ಟಿರಲಿಲ್ಲ. ಆದರೆ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು.

‘ಕೂಸೇ, ನಿಂಗೆ ಕಣ್ ಕಾಣ್ತು, ಯಂಗೆ ಕಾಣ್ತಿಲ್ಲೆ. ಬಾ ಇಲ್ಲಿ’ ಅಂತ ಒಂದು ಬೆಳಗ್ಗೆ ಕರೆದರು. ನನ್ನ ಕೈಗೆ ಬಿದಿರಿನ ಕಡ್ಡಿ ಕೊಟ್ಟು ಮಣಿಕಟ್ಟು ಹಿಡಿದುಕೊಂಡರು. ಹೂವಿನ ಎಸಳು ಸೀಳಿದರೆ ಒಳಗೆ ಗಂಡಿಗೂ ಹೆಣ್ಣಿಗೂ ನಡುವೆ ತೆಳ್ಳನೆಯ ಪೊರೆ. ಕಡ್ಡಿಯ ತುದಿಯಿಂದ ಅದನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲಗೆ ಒತ್ತಬೇಕು. ಒಂದು ಹೂವಿಗೆ ಒಂದೇ ಕೋಡು. ಮೊದಲ ಹತ್ತು ಹೂ ನಾನು ಚಿಂದಿ ಮಾಡಿದೆ.

ಮುಗಿದ ಮೇಲೆ ಅಜ್ಜಿ ಹೋಗಿ ಮತ್ತೆ ಮಿಂದರು. ಮರುದಿನವೂ ಕೈ ಹಿಡಿದರು, ಮಿಂದರು. ನಾಲ್ಕನೇ ದಿನ ಮೀಯಲಿಲ್ಲ. ‘ಚಳಿ’ ಅಂದರು. ಚಳಿ ಮೊದಲ ದಿನವೇ ಜಾಸ್ತಿ ಇತ್ತು.

ಒಂಬತ್ತು ತಿಂಗಳಿಗೆ ಕೋಡು ಬಲಿತವು. ಆಗ ಕಿಲೋಗೆ 100 ರೂಪಾಯಿ ಸಿಕ್ಕುವುದೂ ಕಷ್ಟ. ಹಿಂದಿನ ವರ್ಷ ಅಂಗಳದಲ್ಲೇ ಕೂತಿರುತ್ತಿದ್ದ ದಲ್ಲಾಳಿ ಫೋನ್ ಎತ್ತಲಿಲ್ಲ. ಆ ರಾತ್ರಿ ಊಟವಾದ ಮೇಲೆ ಮಾವ ಕವಳ ಹಾಕಿ, ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟರು. ‘ಸಾಲ ಎಷ್ಟಿದ್ದು ಹೇಳಿ ನಿಂಗೂ ಗೊತ್ತಿರವು.’ ಗಂಡನೇ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅತ್ತೆ ತಮ್ಮ ಸರ ತೆಗೆದು ಪುಸ್ತಕದ ಮೇಲಿಟ್ಟರು. ನಾನು ಬಳೆ ಬಿಚ್ಚಲು ಹೋದರೆ ಬೈದರು. ಆವತ್ತಿನಿಂದ ಅತ್ತೆಯನ್ನು ಆಯಿ, ಅಂದರೆ ಅಮ್ಮ, ಅಂತಲೇ ಕರೆದೆ. ಕೊಂಕಣಿಯಲ್ಲೂ ಅದು ಆಯಿಯೇ ಆದ್ದರಿಂದ ನಾಲಿಗೆಗೆ ಕಷ್ಟವಾಗಲಿಲ್ಲ.

ಹಸಿ ಕೋಡು ಕೊಳೆಯಲು ಬಿಡುವ ಬದಲು ಸಂಸ್ಕರಿಸಿ ಇಡೋಣ ಅಂದವಳು ನಾನು. ಆಗ ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಕೇಳಿ ಲ್ಯಾಬಿನ ಥರ್ಮಾಮೀಟರ್ ತಂದೆ. 65 ಡಿಗ್ರಿ ನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಬೆವರಲು ಬಿಡಬೇಕು. ದಿನಾ ಕೆಲವು ಗಂಟೆ ಬಿಸಿಲು, ಬಿಸಿ ಇರುವಾಗಲೇ ಮತ್ತೆ ಸುತ್ತುವುದು, ಆಮೇಲೆ ವಾರಗಟ್ಟಲೆ ನೆರಳು. ನೀರು, ನಿಮಿಷ ಎಲ್ಲ ಕರಪತ್ರದಲ್ಲಿತ್ತು. ಎಷ್ಟು ಒಣಗಿದರೆ ಸಾಕು ಅನ್ನುವುದು ಮಾತ್ರ ಕರಪತ್ರ ಓದಿದರೆ ಕೈಗೆ ಬರುವುದಿಲ್ಲ. ಅದು ನನಗೆ ಬರುತ್ತಿತ್ತು. ಬೈತಖೋಲದಲ್ಲಿ ಅಮ್ಮ ಒಣ ಶೆಟ್ಲಿಯನ್ನು (ಸೀಗಡಿಯನ್ನು) ಮುಷ್ಟಿಯಲ್ಲಿ ಹಿಡಿದು, ಸದ್ದು ಕೇಳಿ, ‘ಇನ್ನೊಂದು ಬಿಸಿಲು’ ಅನ್ನುತ್ತಿದ್ದಳು. ವೆನಿಲ್ಲಾಕ್ಕೆ ಸದ್ದಿಲ್ಲ. ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳಬೇಕು, ಅಷ್ಟೇ. ಎಲ್ಲಿ ಕಲಿತೆ ಅಂತ ಅಜ್ಜಿ ಕೇಳಿದಾಗ ನಿಜವನ್ನೇ ಹೇಳಿದೆ. ಕೈಯಲ್ಲಿದ್ದ ಕೋಡನ್ನು ಒಮ್ಮೆ ಮೂಸಿ ನೋಡಿ ‘ಅಡ್ಡಿಲ್ಲೆ’ ಅಂದರು.

ಆರು ಕಿಲೋ ಹಸಿಗೆ ಒಂದು ಕಿಲೋ ಒಣ ಕೋಡು. ಇದರಿಂದ ಸಾಲ ತೀರಿತು ಅಂತ ಯಾರೂ ತಿಳಿಯಬೇಡಿ. ಬಿಡಿಬಿಡಿಯಾಗಿ ಮಾರಿದ ದುಡ್ಡು ಬಡ್ಡಿಗೂ ಸಾಲಲಿಲ್ಲ. ತೀರಿಸಿದ್ದು ಅಡಿಕೆ ಮತ್ತು ನನ್ನ ಸಂಬಳ, ನಾಲ್ಕು ವರ್ಷ ತೆಗೆದುಕೊಂಡು. ನಡುವೆ ಅಪ್ಪ ದೋಣಿಯ ಪಾಲಿನಿಂದ ಹತ್ತು ಸಾವಿರ ಕೊಟ್ಟಿದ್ದ. ಅದನ್ನು ವಾಪಸ್ ಕೊಡಲು ಮಾವ ಮೊದಲ ಸಲ ದೇವಿಮನೆ ಘಟ್ಟ ಇಳಿದು ನಮ್ಮ ಮನೆಗೆ ಬಂದರು. ಎಳನೀರು ಮಾತ್ರ ಕುಡಿದರು. ಆದರೆ ದಲ್ಲಾಳಿಗಳನ್ನು ಬೈಯುವುದರಲ್ಲಿ ಇಬ್ಬರಿಗೂ ಸಂಜೆಯಾಯಿತು.

ತಿಂಗಳಿಗೊಮ್ಮೆ ನಾನು ಕಾರವಾರಕ್ಕೆ ಹೋಗಿ ಬಾಂಗಡೆ ಮೀನು ತಿಂದು ಬರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತೆತ್ತುತ್ತಿರಲಿಲ್ಲ. ಒಮ್ಮೆ ಬಂದು ಮಿಂದು ಜಗುಲಿಯಲ್ಲಿ ಕೂತಿದ್ದೆ. ಅಜ್ಜಿ ಸುತ್ತ ನೋಡಿ, ದನಿ ತಗ್ಗಿಸಿ, ಅದು ಎಂತ ರುಚಿ ಇರ್ತು ಅಂತ ಕೇಳಿದರು. ಸ್ವಲ್ಪ ಯೋಚಿಸಿ, ‘ಮುರುಗಲು ಹಾಕಿದ ಸಾರಿನ ಹಾಗೆ, ಹುಳಿಹುಳಿ’ ಅಂದೆ.

‘ಹಂಗಾರೆ ಅಷ್ಟು ದೂರ ಎಂತಕ್ಕೆ ಹೋಗ್ತೆ?’ ಅಂದರು.