ಅಯೋಡಿನ್ ಅಂಟಿದ್ದು ಯಾರಿಗೆ?

ವಿಕಿರಣ ಎಣಿಸುವ ಗಾಮಾ ಕೌಂಟರ್‌ಗೆ ಪ್ರೋಟೀನ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಾವು ಗುರುತಿಗೆ ಅಂಟಿಸಿದ, ವಿಕಿರಣ ಸೂಸುವ ಅಯೋಡಿನ್ ಒಂದೇ. ಆ ಅಯೋಡಿನ್ ನಿಮ್ಮ ಟಾಕ್ಸಿನ್ ಮೇಲೆ ಕೂತಿದೆಯೋ, ನೀರಲ್ಲಿ ಸುಮ್ನೆ ತೇಲುತ್ತಿದೆಯೋ, ಬೇರೆ ಯಾವುದೋ ಪ್ರೋಟೀನಿಗೆ ಅಂಟಿದೆಯೋ, ಅದಕ್ಕೆ ಗೊತ್ತಿಲ್ಲ. ಬ್ಯಾಕ್ಟೀರಿಯಾದ ಟಾಕ್ಸಿನ್ (ವಿಷ) ಜೀವಕೋಶದ ರಿಸೆಪ್ಟರ್‌ಗೆ, ಅಂದರೆ ಅದು ಹಿಡಿದುಕೊಳ್ಳುವ ಅಣುವಿಗೆ, ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಅಳೆಯಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲು ಆಯ್ಕೆ. ಇಡೀ ವಿಷ ಬೇಡ, ಅಂಟುವ ಭಾಗ ಸಾಕು. ಕಾಲರಾ ಟಾಕ್ಸಿನ್‌ನಲ್ಲಿ ಹಾನಿ ಮಾಡುವುದು ‘ಎ’ ಭಾಗ, ಅಂಟುವುದು ‘ಬಿ’ ಭಾಗ. ‘ಬಿ’ ಎಂದರೆ ಐದು ತುಂಡುಗಳ ಉಂಗುರ. ಒಂದೊಂದು ತುಂಡು ಸುಮಾರು 11.6 ಕಿಲೋಡಾಲ್ಟನ್ (ಅಣುತೂಕದ ಅಳತೆ), ಒಟ್ಟು 58. ಜೀವಕೋಶದ ಮೇಲಿನ ಜಿಎಂ1 ಎಂಬ ಸಕ್ಕರೆ-ಕೊಬ್ಬಿನ ಅಣುವೇ ಇದರ ರಿಸೆಪ್ಟರ್. ಬಾಯಿಗೆ ಹಾಕುವ ಒಂದು ಕಾಲರಾ ಲಸಿಕೆಯಲ್ಲೂ ಈ ‘ಬಿ’ ಭಾಗ ಇದೆ. ಶುದ್ಧ ಮಾಡಿದ್ದೇ ಕೊಳ್ಳಲು ಸಿಗುತ್ತದೆ, ಕೊಂಡುಕೊಳ್ಳಿ. ಇಡೀ ಟಾಕ್ಸಿನ್‌ನಿಂದ ಬೇರ್ಪಡಿಸಿದ ಪುಡಿಯಲ್ಲಿ ‘ಎ’ ಭಾಗ ಚೂರು ಉಳಿದಿರಬಹುದು. ಹಾಗಾಗಿ ‘ಎ’ ಜೀನ್ ಇಲ್ಲದೆ ತಯಾರಿಸಿದ ರಿಕಾಂಬಿನೆಂಟ್ ‘ಬಿ’ಯನ್ನೇ ಕೇಳಿ.

ಲೇಬಲ್ ಮಾಡಲು, ಅಂದರೆ ಗುರುತು ಹಚ್ಚಲು, ವಿಕಿರಣ ಸೂಸುವ ಅಯೋಡಿನ್-125. ಇದರ ಅರ್ಧಾಯುಷ್ಯ ಸುಮಾರು 60 ದಿನ. ಅನುಮತಿ ಇರುವ ಲ್ಯಾಬ್, ಫ್ಯೂಮ್ ಹುಡ್, ಎರಡು ಜೊತೆ ಗ್ಲೌಸ್, ಆಮೇಲೆ ಥೈರಾಯ್ಡ್ ತಪಾಸಣೆ. ಇವುಗಳಲ್ಲಿ ಚೌಕಾಶಿ ಇಲ್ಲ. ಅಯೋಡಿನ್‌ನ ಲವಣರೂಪವಾದ ಅಯೋಡೈಡ್ ದ್ರಾವಣಕ್ಕೆ ಆಮ್ಲ ಬಿದ್ದರೆ ಅಯೋಡಿನ್ ಆವಿಯಾಗಿ ಏಳುತ್ತದೆ, ಎಚ್ಚರ. 1962ರಲ್ಲಿ ಹಂಟರ್ ಮತ್ತು ಗ್ರೀನ್‌ವುಡ್ ಕೊಟ್ಟ ಕ್ಲೋರಮಿನ್-ಟಿ ವಿಧಾನ ಬೇಗ ಮುಗಿಯುತ್ತದೆ, ಆದರೆ ಪ್ರೋಟೀನನ್ನೂ ಸುಡುತ್ತದೆ. ನನ್ನ ಮತ ಅಯೋಡೊಜೆನ್‌ಗೆ. ಅಯೋಡೈಡನ್ನು ಚುರುಕು ಮಾಡುವ ಅದನ್ನು ಟ್ಯೂಬಿನ ಒಳಗೋಡೆಗೆ ಮೊದಲೇ ಹಚ್ಚಿರುತ್ತಾರೆ, ದ್ರಾವಣವನ್ನು ಹೊರಗೆ ತೆಗೆದರೆ ಅದರ ಕೆಲಸ ನಿಲ್ಲುತ್ತದೆ. ಅಯೋಡಿನ್ ಹಿಡಿಯುವುದು ಪ್ರೋಟೀನಿನಲ್ಲಿರುವ ಟೈರೊಸಿನ್ ಎಂಬ ಅಮೈನೋ ಆಮ್ಲಕ್ಕೆ. ಒಂದು ಉಂಗುರದಲ್ಲಿ ಅಂಥವು 15 ಇವೆ. ಎಲ್ಲವನ್ನೂ ತುಂಬುವ ದುರಾಸೆ ಬೇಡ, ಸರಾಸರಿ ಉಂಗುರಕ್ಕೆ ಒಂದು ಸಾಕು. ಜಾಸ್ತಿಯಾದರೆ ಕೌಂಟ್ ಏರುತ್ತದೆ, ಅಂಟುವ ಗುಣ ಹಾಳಾಗುತ್ತದೆ.

ಈಗ ಶುದ್ಧ ಮಾಡುವ ಹಂತ. ಸೂಕ್ಷ್ಮ ರಂಧ್ರದ ಮಣಿಗಳನ್ನು ತುಂಬಿದ ಕೊಳವೆ, ಅಂದರೆ ಸೆಫಡೆಕ್ಸ್ ಜಿ-25 ಕಾಲಂನಲ್ಲಿ ದೊಡ್ಡ ಪ್ರೋಟೀನ್ ಮೊದಲು ಬರುತ್ತದೆ, ಬಿಡಿ ಅಯೋಡೈಡ್ ಮಣಿಗಳೊಳಗೆ ಸುತ್ತಾಡಿ ತಡವಾಗಿ ಬರುತ್ತದೆ. ಕೇಳಲು ಸುಲಭ, ಅಲ್ವಾ? ತೊಂದರೆ ಶುರುವಾಗುವುದು ಬಿಎಸ್‌ಎಯಿಂದ, ಅಂದರೆ ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನಿನಿಂದ. ನಮ್ಮ ಹತ್ತಿರ ಇರುವುದು ಮೈಕ್ರೋಗ್ರಾಂ ಲೆಕ್ಕದ ಪ್ರೋಟೀನ್. ಅದು ಕಾಲಂಗೂ ಪ್ಲಾಸ್ಟಿಕ್‌ಗೂ ಅಂಟಿ ಮಾಯವಾಗುತ್ತದೆ. ಅದಕ್ಕೇ ಕಾಲಂನಲ್ಲಿ ಮೊದಲು ಬಿಎಸ್‌ಎ ಹಾಯಿಸಿ ಅಂಟುವ ಜಾಗಗಳನ್ನು ತುಂಬಿಸುತ್ತೇವೆ. ಸರಿಯಾದದ್ದೇ. ಆದರೆ ಟ್ಯೂಬಿನಿಂದ ತೆಗೆದ ಮಿಶ್ರಣದಲ್ಲಿ ಇನ್ನೂ ಚುರುಕಾದ ಅಯೋಡಿನ್ ಸ್ವಲ್ಪ ಉಳಿದಿರುತ್ತದೆ. ಬಿಎಸ್‌ಎಯಲ್ಲೂ ಟೈರೊಸಿನ್ ಇದೆ. ಅವಸರ ಮಾಡಿ ನೇರ ಕಾಲಂಗೆ ಸುರಿದರೆ ಅಯೋಡಿನ್ ಅದಕ್ಕೂ ಹತ್ತಿಕೊಳ್ಳುತ್ತದೆ. ಬಿಎಸ್‌ಎ 66 ಕಿಲೋಡಾಲ್ಟನ್, ನಮ್ಮ ಉಂಗುರ 58. ಜಿ-25ಕ್ಕೆ ಇವೆರಡೂ ಒಂದೇ, ಎರಡೂ ಒಟ್ಟಿಗೇ ಹೊರಬರುತ್ತವೆ.

ಆದ್ದರಿಂದ ಕಾಲಂಗೆ ಹಾಕುವ ಮೊದಲು ಬಿಡಿ ಟೈರೊಸಿನ್ ಸೇರಿಸಿ ಕೆಲವು ನಿಮಿಷ ಕಾಯಿರಿ. ಉಳಿದ ಅಯೋಡಿನ್ ಅದಕ್ಕೆ ಹಿಡಿಯುತ್ತದೆ, ಆಮೇಲೆ ಅಯೋಡೈಡ್ ಜೊತೆ ಹಿಂದೆ ಉಳಿಯುತ್ತದೆ. ಕಾಲಂನ ಹೆಚ್ಚುವರಿ ಬಿಎಸ್‌ಎಯನ್ನು ಬಫರ್‌ನಲ್ಲಿ ಚೆನ್ನಾಗಿ ತೊಳೆದುಬಿಡಿ. ಅರ್ಧರ್ಧ ಮಿಲಿಲೀಟರ್‌ನಂತೆ ಹಿಡಿದು, ಪ್ರತಿಯೊಂದರಿಂದ 5 ಮೈಕ್ರೋಲೀಟರ್ ಎಣಿಸಿ. ಕೌಂಟ್‌ಗಳ ನಕ್ಷೆಯಲ್ಲಿ ಎರಡು ಗುಡ್ಡ ಕಾಣುತ್ತವೆ. ಮೊದಲ ಗುಡ್ಡದ ಏರು ಮತ್ತು ನೆತ್ತಿ ಮಾತ್ರ ಇಟ್ಟುಕೊಳ್ಳಿ. ಇಳಿಜಾರನ್ನೂ ಸೇರಿಸಿ ‘ಹೆಚ್ಚು ಸಿಕ್ಕಿತು’ ಎಂದು ಖುಷಿಪಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಹೆಚ್ಚು ಸಿಕ್ಕಿದ್ದು ಕೊಳೆ.

ಪರೀಕ್ಷೆ ಮೂರು. ಮೊದಲನೆಯದು ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ): ಪ್ರೋಟೀನ್ ಗರಣೆಗಟ್ಟಿ ತಳ ಸೇರುತ್ತದೆ, ಬಿಡಿ ಅಯೋಡೈಡ್ ಮೇಲೆ ಉಳಿಯುತ್ತದೆ. 95ಕ್ಕಿಂತ ಹೆಚ್ಚು ಶೇಕಡಾ ತಳದಲ್ಲಿರಬೇಕು. ಇದೂ ಆಮ್ಲವೇ, ಹುಡ್ ಒಳಗೇ ಮಾಡಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಬಿಎಸ್‌ಎ ಕೂಡ ತಳಕ್ಕೇ ಇಳಿಯುತ್ತದಲ್ಲ! ನಾನೂ ಒಮ್ಮೆ 99 ಶೇಕಡಾ ನೋಡಿ ಬೀಗಿ, ರಿಸೆಪ್ಟರ್‌ಗೆ ಏನೂ ಅಂಟದೆ ಎರಡು ವಾರ ಕಳೆದುಕೊಂಡೆ.

ಹಾಗಾಗಿ ಎರಡನೆಯದು, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್. ವಿಕಿರಣ ಇರುವ ಪಟ್ಟಿ ಫಿಲ್ಮ್ ಮೇಲೆ ಕಪ್ಪಾಗಿ ಕಾಣುತ್ತದೆ. ಇಲ್ಲಿ ಒಂದು ಕಿವಿಮಾತು: ಮಾದರಿಯನ್ನು ಕುದಿಸಿಯೇ ಹಾಕಿ. ಈ ಉಂಗುರ ಗಟ್ಟಿ, ಜೆಲ್‌ಗೆ ಬಳಸುವ ಸಾಬೂನಿನಂಥ ಎಸ್‌ಡಿಎಸ್ ಒಂದಕ್ಕೇ ಬಿಚ್ಚಿಕೊಳ್ಳುವುದಿಲ್ಲ. ಕುದಿಸದಿದ್ದರೆ ಬಿಎಸ್‌ಎ ಪಟ್ಟಿಯ ಹತ್ತಿರ ಬಂದು ಗೊಂದಲ ಮಾಡಬಹುದು. ಕುದಿಸಿದರೆ 11.6ರ ಹತ್ತಿರ ಕಪ್ಪು ಪಟ್ಟಿ ಬರುತ್ತದೆ. 66ರಲ್ಲಿ ಇನ್ನೊಂದು ಕಂಡರೆ ಆ ಬ್ಯಾಚ್ ಎಸೆಯಿರಿ, ವಿಕಿರಣ ತ್ಯಾಜ್ಯದ ಡಬ್ಬಕ್ಕೆ.

ಮೂರನೆಯದು, ಅಂಟುವ ಪಾಲು. ಬೇಕಾದ್ದಕ್ಕಿಂತ ಬಹಳ ಹೆಚ್ಚು ಜಿಎಂ1 ಕೊಟ್ಟು, ಎಷ್ಟು ಶೇಕಡಾ ಹಿಡಿಯಿತು ನೋಡಿ. 70 ಮಾತ್ರ ಹಿಡಿದರೆ ಉಳಿದ 30 ಸತ್ತ ಪ್ರೋಟೀನ್, ಸಾಂದ್ರತೆಯ ಲೆಕ್ಕದಿಂದ ಅದನ್ನು ಕಳೆಯಿರಿ.

ಇನ್ನು ಅಂಟಿಸುವ ಪ್ರಯೋಗ. ಜೀವಕೋಶ ಟಾಕ್ಸಿನ್ ಅನ್ನು ಒಳಗೆ ನುಂಗದಂತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ರಿಸೆಪ್ಟರ್ ಬಿಟ್ಟು ಬೇರೆಡೆ ಅಂಟಿದ್ದೆಷ್ಟು ಎಂದು ತಿಳಿಯಲು ಪ್ರತಿ ಸಾಂದ್ರತೆಗೂ 100 ಪಟ್ಟು ಲೇಬಲ್ ಇಲ್ಲದ ‘ಬಿ’ ಹಾಕಿದ ಜೋಡಿ ಟ್ಯೂಬ್ ಇರಲಿ, ಕೋಶಗಳೇ ಇಲ್ಲದ ಖಾಲಿ ಟ್ಯೂಬೂ ಇರಲಿ. ಅಗ್ಗದ ಟ್ಯೂಬ್‌ಗಳು ಎಷ್ಟು ಹೀರುತ್ತವೆ ಎಂದು ಆಗ ತಿಳಿಯುತ್ತದೆ. ತೀರಾ ಕಡಿಮೆ ಸಾಂದ್ರತೆಯ ಟ್ಯೂಬ್ ಸಮತೋಲಕ್ಕೆ ಬರಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು, ಕಾಯುವ ಸಮಯವನ್ನು ಅದನ್ನು ನೋಡಿ ನಿರ್ಧರಿಸಿ. ಅಂಟಿದ ಅಂಕಿಗಳನ್ನು ನೇರ ಗೆರೆಯಾಗಿ ತೋರಿಸುವ ಸ್ಕ್ಯಾಚರ್ಡ್ ನಕ್ಷೆ ನೋಡಲು ಚೆಂದ, ಆದರೆ ಅಂಕಿಯನ್ನು ನೇರವಾಗಿ ಮೂಲ ವಕ್ರರೇಖೆಯಿಂದಲೇ ತೆಗೆಯಿರಿ. ಬಂದ ಕೆಡಿ (ಅಂಟುವ ಬಿಗಿಯ ಅಳತೆ) ಐದು ಕೈಗಳು ಸೇರಿ ಹಿಡಿದ ಬಿಗಿ, ಒಂದು ಕೈಯದಲ್ಲ. ಹಾಗೆಂದೇ ಬರೆಯಿರಿ.

ಟ್ಯೂಬಿನ ಮೇಲೆ ಲೇಬಲ್ ಮಾಡಿದ ದಿನಾಂಕ ಇರಲಿ. ಮೂರು ವಾರ ಕಳೆದರೆ ವಿಕಿರಣ ಸುಮಾರು 78 ಶೇಕಡಾಕ್ಕೆ ಇಳಿದಿರುತ್ತದೆ, ಒಂದಷ್ಟು ಅಯೋಡಿನ್ ಕಳಚಿಯೂ ಇರುತ್ತದೆ. ಮತ್ತೊಮ್ಮೆ ಟಿಸಿಎ ಮಾಡಿ ನೋಡಿ, 95 ಬರದಿದ್ದರೆ ಇನ್ನೊಂದು ಸಣ್ಣ ಕಾಲಂ ಹಾಯಿಸಿ.