ಘಾಟಿ ಇಳಿದ ಮೇಲೆ ತಣ್ಣಗಿರುವ ಡ್ರಮ್ ಕಂಡರೇ ನನಗೆ ಭಯ

ಶಿರಾಡಿ ಇಳಿದು ಗುಂಡ್ಯದಲ್ಲಿ ಲಾರಿ ನಿಲ್ಲಿಸಿದವರೆಲ್ಲ ಮೊದಲು ನೋಡುವುದು ಲೈನರ್, ಅಂದರೆ ಬ್ರೇಕ್ ಹಾಕಿದಾಗ ಉಜ್ಜುವ ಪಟ್ಟಿ, ಸುಟ್ಟ ವಾಸನೆ ಬರ್ತಿದೆಯಾ ಅಂತ. ವಾಸನೆ ಇಲ್ಲ ಅಂದರೆ ಸಮಾಧಾನವಾಗಿ ಟೀ ಕುಡಿಯೋಕೆ ಹೋಗುತ್ತಾರೆ. ನಾನು ಟೀಗೆ ಮೊದಲು ಲಾರಿಗೆ ಒಂದು ಸುತ್ತು ಬರುತ್ತೇನೆ. ಪ್ರತಿ ಬ್ರೇಕ್ ಡ್ರಮ್ಮಿನ (ಚಕ್ರದ ಜೊತೆ ತಿರುಗುವ ಕಬ್ಬಿಣದ ಬಟ್ಟಲು, ಲೈನರ್ ಉಜ್ಜುವುದು ಇದಕ್ಕೇ) ಹತ್ತಿರ ಅಂಗೈ ಹಿಡಿಯುತ್ತೇನೆ. ಹತ್ತಿರ ಅಷ್ಟೇ, ಮುಟ್ಟುವುದಿಲ್ಲ, ಮುಟ್ಟಿದರೆ ಚರ್ಮ ಅಲ್ಲೇ ಉಳಿಯುತ್ತೆ. ಈಗ ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಗನ್ ಸಿಗುತ್ತೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಟ್ಟಿದ್ದೇನೆ. ಒಂದೇ ಆಕ್ಸಲ್‌ನ ಎಡಗಡೆ, ಬಲಗಡೆ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಒಂದು ಜಾಸ್ತಿ ಕಾದಿದ್ದರೆ ಆ ಚಕ್ರದಲ್ಲಿ ಬ್ರೇಕ್ ಬಿಡ್ತಿಲ್ಲ, ಉಜ್ಜುತ್ತಿದೆ ಅಂತ ಅರ್ಥ. ಅದಕ್ಕೂ ಕೆಲಸ ಇದೆ, ಆದರೆ ಅದು ವಾಸನೆ ಹೊಡೆದು, ಹೊಗೆ ಬಿಟ್ಟು ತಾನೇ ಹೇಳಿಕೊಳ್ಳುತ್ತೆ. ತಣ್ಣಗಿರುವ ಡ್ರಮ್ ಏನೂ ಹೇಳಲ್ಲ. ಅಷ್ಟು ದೊಡ್ಡ ಘಾಟಿ ಇಳಿದೂ ಅದು ತಣ್ಣಗಿದೆ ಅಂದರೆ ಆ ಚಕ್ರ ಬ್ರೇಕೇ ಹಿಡಿದಿಲ್ಲ.

ನನ್ನದು 10 ಚಕ್ರದ, 2518 ಮಾದರಿಯ ಲಾರಿ. ಇಳಿಯುವಾಗ ಮೆಕ್ಕೆಜೋಳವೋ ಅಕ್ಕಿಯೋ, ಹತ್ತುವಾಗ ಹೆಚ್ಚಾಗಿ ಗೊಬ್ಬರ. ಓನರ್ರೂ ನಾನೇ, ಡ್ರೈವರ್ರೂ ನಾನೇ. 10 ಚಕ್ರ ಅಂದರೂ ಬ್ರೇಕ್ ಡ್ರಮ್ ಇರುವುದು 6 ಮಾತ್ರ. ಅದರಲ್ಲಿ ಒಂದು ಸುಮ್ನೆ ಕೂತರೆ ಅದರ ಪಾಲು ಉಳಿದ 5ರ ಮೇಲೆ ಬೀಳುತ್ತೆ, ಜೋಡೆತ್ತಿನಲ್ಲಿ ಒಂದು ಹೆಗಲು ಕೊಡದಿದ್ದರೆ ಇನ್ನೊಂದರ ಕತ್ತು ಹುಣ್ಣಾಗುವ ಹಾಗೆ. ಆ ಐದೂ ಬೇಗ ಕಾಯುತ್ತವೆ, ಕಾದಷ್ಟೂ ಹಿಡಿತ ಬಿಡುತ್ತವೆ. 2018ರಲ್ಲಿ ಆಕ್ಸಲ್ ಲೋಡ್ ನಿಯಮ ಬದಲಾಗಿ 10 ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು. ಲೋಡ್ ಜಾಸ್ತಿ ಸಿಗುತ್ತೆ ಅಂತ ಎಲ್ಲರಿಗೂ ಖುಷಿ. ಆದರೆ ಇಳಿಜಾರಿನಲ್ಲಿ ಅಷ್ಟು ತೂಕ ಹಿಡಿದು ನಿಲ್ಲಿಸಬೇಕಾದ್ದು ಈ ಡ್ರಮ್ಮುಗಳೇ ಅಲ್ವಾ?

ಏರ್ ಬ್ರೇಕಿನಲ್ಲಿ ಒಂದು ವಿಷಯ ಹೊಸ ಹುಡುಗರಿಗೆ ಅರ್ಥವಾಗುವುದೇ ಇಲ್ಲ. ಪೆಡಲ್ ಒತ್ತಿದಾಗ ನಾವು ಲೈನರ್ ಒತ್ತುತ್ತಿಲ್ಲ, ಗಾಳಿಗೆ ದಾರಿ ಬಿಡುತ್ತಿದ್ದೇವೆ ಅಷ್ಟೇ. ಆ ಗಾಳಿ ಚಕ್ರದ ಹತ್ತಿರದ ಚೇಂಬರಿಗೆ ಹೋಗಿ ರಾಡ್ ತಳ್ಳುತ್ತೆ, ರಾಡ್ ಸ್ಲಾಕ್ ಅಡ್ಜಸ್ಟರ್ (ಲೈನರಿಗೂ ಡ್ರಮ್ಮಿಗೂ ನಡುವಿನ ಸಡಿಲ ಸರಿ ಮಾಡುವ ತೋಳು, ನಾವು ಸ್ಲಾಕ್ ಅನ್ನುತ್ತೇವೆ) ತಿರುಗಿಸುತ್ತೆ, ಅದರ ಜೊತೆ ಒಳಗಿನ ಕ್ಯಾಮ್ ತಿರುಗಿ, ಲೈನರ್ ಕೂರಿಸಿದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತೆ. ಲೈನರ್ ಸವೆದಷ್ಟೂ ರಾಡ್ ಇನ್ನಷ್ಟು ಮುಂದೆ ಬರಬೇಕು. ಆದರೆ ರಾಡಿಗೂ ಒಂದು ಕೊನೆ ಇದೆ. ಅದರ ಮೇಲೆ ಡ್ರಮ್ ಕಾದಾಗ ಹಿಗ್ಗುತ್ತೆ, ಲೈನರಿನಿಂದ ಇನ್ನೂ ದೂರ ಹೋಗುತ್ತೆ. ಹಾಗಾಗಿ ಬೆಳಿಗ್ಗೆ ಯಾರ್ಡಿನಲ್ಲಿ ತಣ್ಣಗಿದ್ದಾಗ ಚೆನ್ನಾಗಿ ಹಿಡಿದ ಬ್ರೇಕು ಘಾಟಿಯಲ್ಲಿ ಮಾರನಹಳ್ಳಿ ದಾಟಿದ ಮೇಲೆ ಅಷ್ಟೇ ಚೆನ್ನಾಗಿ ಹಿಡಿಯುತ್ತೆ ಅಂತ ಗ್ಯಾರಂಟಿ ಇಲ್ಲ. ಪೆಡಲ್ಲಿನಲ್ಲಿ ಇದು ಗೊತ್ತಾಗುವುದೂ ಇಲ್ಲ. ಕಾಲಿಗೆ ಎಲ್ಲ ಸರಿಯಾಗೇ ಇದೆ ಅನ್ನಿಸುತ್ತೆ.

ಅದಕ್ಕೇ ಘಾಟಿ ಇಳಿಯುವ ಲೋಡ್ ಇದ್ದಾಗ ಸ್ಲಾಕ್ ನೋಡುವ ಕೆಲಸ ನಾನು ಬೇರೆಯವರಿಗೆ ಬಿಡುವುದಿಲ್ಲ. ಸಮತಟ್ಟು ಜಾಗದಲ್ಲಿ ಲಾರಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಇದು ಮೊದಲು. ಯಾಕೆಂದರೆ ಆಮೇಲೆ ಹ್ಯಾಂಡ್ ಬ್ರೇಕ್ ಬಿಡುಗಡೆ ಮಾಡಬೇಕು, ನೀವು ಲಾರಿ ಕೆಳಗೆ ಮಲಗಿರುತ್ತೀರಿ. ಹಿಂದಿನ ಆಕ್ಸಲ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಸ್ಪ್ರಿಂಗು, ಗಾಳಿ ಅಲ್ಲ. ಗಾಳಿ ಆ ಸ್ಪ್ರಿಂಗನ್ನು ಹಿಂದಕ್ಕೆ ಹಿಡಿದಿಟ್ಟಿರುತ್ತೆ. ಹಾಗಾಗಿ ಏರ್ ಪೂರ್ತಿ ತುಂಬಿಸಿ, ಮೀಟರಿನಲ್ಲಿ 7–8 ಬಾರ್ ಬಂದ ಮೇಲೆ ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು ಕೆಳಗೆ ಹೋಗಬೇಕು. ಹ್ಯಾಂಡ್ ಬ್ರೇಕ್ ಹಾಕಿಕೊಂಡೇ ಸ್ಲಾಕ್ ಟೈಟ್ ಮಾಡಲು ಹೋದರೆ ಎಷ್ಟು ತಿರುಗಿಸಿದರೂ ಸರಿಯಾದ ಲೆಕ್ಕ ಸಿಗುವುದಿಲ್ಲ.

ಚೇಂಬರಿನಿಂದ ರಾಡ್ ಹೊರಗೆ ಬರುವ ಜಾಗದಲ್ಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತೇನೆ. ಮೇಲೆ ಕ್ಯಾಬಿನ್‌ನಲ್ಲಿ ಕ್ಲೀನರ್ ಹುಡುಗ.

"ಒತ್ತೋ."

"ಒತ್ತಿದೀನಿ ಅಣ್ಣ."

"ಪೂರ್ತಿ ಒತ್ತು, ನಾನು ಹೇಳೋವರೆಗೂ ಬಿಡಬೇಡ."

ಟಪ್ ಅಂತ ರಾಡ್ ಮುಂದೆ ಬರುತ್ತೆ. ಗೆರೆಯಿಂದ ಎಷ್ಟು ಬಂತು ಅಂತ ಸ್ಕೇಲ್ ಇಟ್ಟು ನೋಡುತ್ತೇನೆ. ಹಿಂದಿನ ದೊಡ್ಡ ಚೇಂಬರಿಗೆ 2 ಇಂಚು ಅಂದರೆ ಮಿತಿ ಮುಗಿದ ಹಾಗೆ. ನಾನು ಒಂದೂವರೆ ಇಂಚು ಬಂದಾಗಲೇ ಪಾನಾ ಹಿಡಿಯುತ್ತೇನೆ. ಸ್ಲಾಕಿನ ನಟ್ಟಿನ ಸುತ್ತ ಒಂದು ಲಾಕ್ ಇರುತ್ತೆ, ಅದರ ಮೇಲೆ ಮಣ್ಣು, ಗ್ರೀಸ್ ಎಲ್ಲ ಸೇರಿ ಗಟ್ಟಿಯಾಗಿರುತ್ತೆ. ಮೊದಲು ಅದನ್ನು ಕೆರೆದು ಕ್ಲೀನ್ ಮಾಡಿ, ಪಾನಾದಿಂದ ಲಾಕ್ ಒಳಗೆ ತಳ್ಳಿ, ಲೈನರ್ ಡ್ರಮ್ಮಿಗೆ ಮುಟ್ಟುವವರೆಗೆ ತಿರುಗಿಸಿ, ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ವಾಪಸ್ ಬಿಡಬೇಕು. ಕೊನೆಗೆ ಆ ಲಾಕ್ ಹೊರಗೆ ಬಂದು ನಟ್ಟಿನ ಮೇಲೆ ಕೂತಿತಾ ಅಂತ ಬೆರಳಿಟ್ಟು ನೋಡಲೇಬೇಕು. ಕೂರದಿದ್ದರೆ ನಟ್ ತಾನೇ ಬಿಚ್ಚಿಕೊಳ್ಳುತ್ತಾ ಹೋಗುತ್ತೆ, ನೀವು ಮಾಡಿದ ಕೆಲಸ ನಾಲ್ಕು ದಿನಕ್ಕೆ ವ್ಯರ್ಥ. ಎಡ, ಬಲ ಎರಡರ ರಾಡೂ ಒಂದೇ ಅಳತೆ ಬರಬೇಕು. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಲಾರಿ ಒಂದು ಕಡೆಗೆ ಎಳೆಯುತ್ತೆ, ಮಳೆಯಲ್ಲಿ ಅದು ಇನ್ನೂ ಅಪಾಯ.

ಒಮ್ಮೆ ಇಷ್ಟೆಲ್ಲ ಸರಿಯಿದ್ದೂ ಮಧ್ಯದ ಆಕ್ಸಲ್ ಎಡಗಡೆ ಡ್ರಮ್ ತಣ್ಣಗಿತ್ತು. ರಾಡ್ ಓಡಾಟ ಸರಿ, ಏರ್ ಸರಿ, ಸ್ಲಾಕ್ ಸರಿ. ಉಳಿದ ಚಕ್ರಗಳ ಹತ್ತಿರ ಕೈ ಹಿಡಿಯಲು ಆಗದಷ್ಟು ಶಾಖ, ಇದು ಮಾತ್ರ ನೆರಳಲ್ಲಿ ನಿಂತಿದ್ದ ಹಾಗೆ. ವಾಪಸ್ ಬಂದು ಚಕ್ರ ಬಿಚ್ಚಿ ಡ್ರಮ್ ಇಳಿಸಿದೆವು. ಒಳಗೆ ಲೈನರ್ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಉಗುರಿನಲ್ಲಿ ಕೆರೆದರೆ ಜಿಡ್ಡು, ಮೂಸಿದರೆ ಕ್ರೌನ್ ಆಯಿಲ್, ಅಂದರೆ ಆಕ್ಸಲ್ ಒಳಗಿನ ಗೇರ್ ಎಣ್ಣೆಯ ವಾಸನೆ. ಹಬ್ಬಿನ ಸೀಲ್ ಹೋಗಿ ಆಯಿಲ್ ಸ್ವಲ್ಪಸ್ವಲ್ಪವೇ ಲೈನರ್ ಮೇಲೆ ಇಳಿದಿತ್ತು. ಶೂ ಒತ್ತುತ್ತಿತ್ತು ನಿಜ, ಆದರೆ ಎಣ್ಣೆಯ ಮೇಲೆ ಜಾರುತ್ತಿತ್ತು. ಗ್ಯಾರೇಜಿನಲ್ಲಿ "ಪೆಟ್ರೋಲ್‌ನಲ್ಲಿ ತೊಳೆದು, ಬೆಂಕಿ ತೋರಿಸಿ ಹಾಕೋಣ ಅಣ್ಣ, ಲೈನರ್ ಇನ್ನೂ ದಪ್ಪ ಇದೆ" ಅಂದರು. ನಾನು ಒಪ್ಪಲಿಲ್ಲ. ಎಣ್ಣೆ ಕುಡಿದ ಲೈನರ್ ಮೇಲ್ಗಡೆ ಒಣಗಿದ ಹಾಗೆ ಕಾಣುತ್ತೆ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತೆ. ಸೀಲ್ ಹೊಸದು, ಲೈನರ್ ಎರಡೂ ಕಡೆಗೆ ಹೊಸದು. ಒಂದೇ ಆಕ್ಸಲ್‌ಗೆ ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಹಾಕಿದರೆ ಹಿಡಿತ ಸಮ ಬರುವುದಿಲ್ಲ. ಖರ್ಚು ಬಂತು, ಬರಲಿ. ಹಿಂದೆ ಲೋಡ್ ಇಟ್ಟುಕೊಂಡು, ಮುಂದೆ ಶಾಲೆ ಮಕ್ಕಳ ವ್ಯಾನ್ ಹೋಗುತ್ತಿರುವಾಗ ಆ ದುಡ್ಡಿನ ಲೆಕ್ಕ ನನಗೆ ಬೇಡ.

ಡ್ರಮ್ ಬಿಚ್ಚಿದಾಗ ಒಳಮೈ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಸಣ್ಣ ಗೆರೆಗಳು ಬಿಸಿಗೆ ಬಂದೇ ಬರುತ್ತವೆ. ಅಂಚಿನವರೆಗೆ ಹೋದ ಬಿರುಕು ಕಂಡರೆ ಮಾತ್ರ ಆ ಡ್ರಮ್ ಮತ್ತೆ ಹತ್ತಿಸಬೇಡಿ. ಅಲ್ಲಲ್ಲಿ ನೀಲಿ ಮಚ್ಚೆ ಇದ್ದರೆ ಅಲ್ಲಿ ವಿಪರೀತ ಕಾದಿದೆ ಅಂತ ಲೆಕ್ಕ.

ಇನ್ನು ಗುಂಡ್ಯದ ಹೋಟೆಲ್ ಮಾತು. ನಾಲ್ಕು ಲಾರಿಯವರು ಸೇರಿದರೆ ಟಾಟಾ ಮೇಲೋ ಲೇಲ್ಯಾಂಡ್ ಮೇಲೋ ಅನ್ನುವುದು ಶುರುವಾಗಲೇಬೇಕು. ಟಾಟಾ ಕಡೆಯವರು ಪಾರ್ಟ್ಸ್ ಯಾವ ಹಳ್ಳಿಗೆ ಹೋದರೂ ಸಿಗುತ್ತೆ ಅಂತಾರೆ, ಲೇಲ್ಯಾಂಡ್ ಕಡೆಯವರು ಎಂಜಿನ್ ಎಳೆತ ನೋಡು ಅಂತಾರೆ. ಸಕಲೇಶಪುರ ಕಡೆಯ ಒಬ್ಬರು ಹಿರಿಯರಿದ್ದಾರೆ, ನಾವೆಲ್ಲ ಮಾವ ಅಂತಲೇ ಕರೆಯುತ್ತೇವೆ. ಅವರಿಗೆ ಇಬ್ಬರೂ ಬೇಡ, "ಬೆಂಜ್ ಲಾರಿ ಓಡ್ಸಿದೀರೇನ್ರೋ ನೀವು?" ಅನ್ನುತ್ತಾರೆ. ಟಾಟಾದವರು ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿದ್ದು 1954ರಲ್ಲಿ, 1969ಕ್ಕೆ ಆ ಒಪ್ಪಂದ ಮುಗಿಯಿತು. ಆದರೆ ಮೂತಿ ಇರುವ ಹಳೇ ಲಾರಿ ಮಾವನಿಗೆ ಇವತ್ತಿಗೂ ಬೆಂಜೇ. ಪವರ್ ಸ್ಟೇರಿಂಗ್ ಇಲ್ಲದ ಕಾಲದಲ್ಲಿ ಇದೇ ಘಾಟಿ ಹತ್ತಿ ಇಳಿದ ಕೈಗಳು ಅವು. ಅವರ ಮಾತು ಕೇಳುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯಲ್ಲ.

ಒಂದು ದಿನ ಹೊಸ ಡ್ರೈವರ್ ಒಬ್ಬ, ಘಾಟಿ ಮೇಲಿನ ದೋಣಿಗಾಲ್‌ನಿಂದ ಆಚೆ ನ್ಯೂಟ್ರಲ್ ಮಾಡಿ ಬಿಟ್ಟರೆ ಡೀಸೆಲ್ ಎಷ್ಟು ಉಳಿಯುತ್ತೆ ಗೊತ್ತಾ ಅಂದ. ಮಾವನಿಗೆ ಸಿಟ್ಟು ಬಂತು.

"ಹತ್ತಿದ ಗೇರಲ್ಲೇ ಇಳೀಬೇಕು ಮಗಾ. ನ್ಯೂಟ್ರಲ್ ಮಾಡಿದ್ರೆ ಗಾಡಿ ನಿಂದಲ್ಲ, ಘಾಟೀದು."

ಮಾವ ಹೇಳಿದ್ದು ಅನುಭವದ ಮಾತು, ಅದರ ಹಿಂದಿನ ಕಾರಣ ನಾನು ಆ ಹುಡುಗನಿಗೆ ಕೂರಿಸಿ ಹೇಳಿದೆ. ಗೇರಲ್ಲಿದ್ದಾಗ ಎಂಜಿನ್ ಲಾರಿಯನ್ನು ಹಿಂದಕ್ಕೆ ಹಿಡಿಯುತ್ತೆ, ಎಂಜಿನ್ ಹೊಗೆಯ ದಾರಿ ಅಡ್ಡಗಟ್ಟುವ ಎಕ್ಸಾಸ್ಟ್ ಬ್ರೇಕ್ ಹಾಕಿದರೆ ಇನ್ನೂ ಗಟ್ಟಿ ಹಿಡಿಯುತ್ತೆ. ನ್ಯೂಟ್ರಲ್ ಮಾಡಿದರೆ ಎರಡೂ ಇಲ್ಲ, ಪೂರ್ತಿ ತೂಕ ಡ್ರಮ್ ಮೇಲೆ. ಎಂಜಿನ್ ಐಡ್ಲಿಂಗಿಗೆ ಬಂದರೆ ಕಂಪ್ರೆಸರ್ ಕೂಡ ನಿಧಾನವಾಗಿ ಗಾಳಿ ತುಂಬುತ್ತೆ, ನೀನು ಮೇಲಿಂದ ಮೇಲೆ ಪೆಡಲ್ ಒತ್ತಿ ಗಾಳಿ ಖಾಲಿ ಮಾಡ್ತಾ ಇರ್ತೀಯ. ಇನ್ನು ಡೀಸೆಲ್ ವಿಷಯ. ಈಗಿನ ಕಾಮನ್ ರೈಲ್ ಎಂಜಿನ್ ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ನಿಲ್ಲಿಸಿಬಿಡುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದೇ ಇರಲು ಡೀಸೆಲ್ ಕುಡಿಯಲೇಬೇಕು. ಅಂದರೆ ಉಳಿಯುವುದೂ ಇಲ್ಲ. ಹುಡುಗ ಒಪ್ಪಿದನೋ ಇಲ್ಲವೋ, ಕೇಳಿಸಿಕೊಂಡ. ಅದೇ ನನಗೆ ಖುಷಿ.

ಕಾದ ಡ್ರಮ್ಮಿಗೆ ನೀರು ಎರಚುವುದೂ ಅಲ್ಲಿ ದಿನಾ ಕಾಣುತ್ತೆ. ದಯವಿಟ್ಟು ಬೇಡ. ಡ್ರಮ್ ಅಂದರೆ ಎರಕದ ಕಬ್ಬಿಣ, ಒಮ್ಮೆಲೇ ತಣ್ಣೀರು ಬಿದ್ದರೆ ಬಿರುಕು ಬಿಡುತ್ತೆ. ಬಿರುಕು ಬಿಟ್ಟಿದ್ದು ಅವತ್ತು ಗೊತ್ತಾಗಲ್ಲ. ಡ್ರಮ್ ಕೆಂಡವಾಗಿರುವಾಗ ಹ್ಯಾಂಡ್ ಬ್ರೇಕನ್ನೂ ನಂಬಿ ಹೋಗಬೇಡಿ. ಕಲ್ಲು ಕೊಟ್ಟು, ಗೇರಲ್ಲಿ ನಿಲ್ಲಿಸಿ, ತಾನಾಗೇ ಆರಲು ಬಿಡಿ. ಮಳೆಗಾಲದಲ್ಲಂತೂ ಟೈಮ್ ಇಟ್ಟುಕೊಂಡೇ ಹೊರಡಿ. ಗುಡ್ಡ ಕುಸಿದು ಒಂದೇ ಕಡೆ ಗಾಡಿ ಬಿಡುವಾಗ ಇಂಚಿಂಚು ಇಳಿಯುತ್ತಾ ಪೆಡಲ್ ಮೇಲೇ ಕಾಲು ಇರುತ್ತೆ, ಆಗ ಓಡುವುದಕ್ಕಿಂತ ಜಾಸ್ತಿ ಗಾಳಿ ಖರ್ಚಾಗುತ್ತೆ. ಮೀಟರ್ ಮುಳ್ಳು ಇಳಿಯುತ್ತಾ ಬಂದರೆ ನಿಲ್ಲಿಸಿ, ತುಂಬಿಸಿಕೊಂಡೇ ಮುಂದೆ ಹೋಗಿ.

ಹೊಸ ಗಾಡಿಗಳಲ್ಲಿ ಸಡಿಲವನ್ನು ತಾನೇ ಸರಿ ಮಾಡಿಕೊಳ್ಳುವ ಆಟೊ ಸ್ಲಾಕ್ ಬರುತ್ತೆ, ನಮ್ಮ ತಲೆನೋವು ಮುಗಿಯಿತು ಅನ್ನುವವರೂ ಇದ್ದಾರೆ. ಅದು ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ರಾಡ್ ಓಡಾಟ ಅದರಲ್ಲೂ ನೋಡಬೇಕು. ಜಾಸ್ತಿ ಬರ್ತಿದೆ ಅಂದರೆ ಪಾನಾ ಹಾಕಿ ಟೈಟ್ ಮಾಡಿ ಕಳಿಸುವುದಲ್ಲ, ಯಾಕೆ ತಾನೇ ಸರಿ ಮಾಡಿಕೊಳ್ಳಲಿಲ್ಲ ಅಂತ ಹುಡುಕಬೇಕು. ಪಿನ್ ಸವೆದಿರಬಹುದು, ಕ್ಯಾಮ್ ಬುಶ್ ಹೋಗಿರಬಹುದು, ಸ್ಲಾಕೇ ಕೆಟ್ಟಿರಬಹುದು. ಸುಮ್ನೆ ಟೈಟ್ ಮಾಡಿದರೆ ಮತ್ತೆ ಸಡಿಲವಾಗುತ್ತೆ. ನಿಪ್ಪಲ್ ಇರುವ ಮಾದರಿಗೆ ಗ್ರೀಸ್ ಹೊಡೆಯುವುದನ್ನೂ ಬಿಡಬೇಡಿ.

ಕೊನೆಗೆ ಏರ್ ಟ್ಯಾಂಕ್. ಸಂಜೆ ಗಾಡಿ ನಿಲ್ಲಿಸಿದಾಗ ಕೆಳಗಿನ ಡ್ರೈನ್ ವಾಲ್ವ್ ಎಳೆದು ನೀರು ಬಿಟ್ಟುಬಿಡಿ, ಕರಾವಳಿ ಕಡೆ ಓಡುವ ಗಾಡಿಯಾದರೆ ಇನ್ನೂ ಮುಖ್ಯ, ಅಲ್ಲಿನ ಗಾಳಿಯಲ್ಲೇ ಅಷ್ಟು ತೇವ. ಎಳೆದಾಗ ಬರೀ ಗಾಳಿ ಬಂದರೆ ಸಂತೋಷ. ನೀರು ಪಿಚಕ್ ಅಂತ ಹಾರಿದರೆ ಗಾಳಿಯ ತೇವ ಹೀರುವ ಏರ್ ಡ್ರೈಯರ್ ಕಾರ್ಟ್ರಿಜ್ ಬದಲಾಯಿಸುವ ಕಾಲ ಬಂದಿದೆ. ನೀರಿನ ಜೊತೆ ಕಪ್ಪು ಎಣ್ಣೆ ಬಂದರೆ ಕಂಪ್ರೆಸರ್ ರಿಂಗ್ ಸವೆದು ಎಂಜಿನ್ ಆಯಿಲ್ ಗಾಳಿ ಲೈನಿಗೆ ಹತ್ತುತ್ತಿದೆ. ಆ ಎಣ್ಣೆ ಹೋಗಿ ವಾಲ್ವುಗಳ ರಬ್ಬರ್ ಉಬ್ಬಿಸಿದರೆ ಒಂದೊಂದೇ ವಾಲ್ವ್ ಬಿಚ್ಚಿಸಬೇಕಾಗುತ್ತೆ, ಅದಕ್ಕಿಂತ ಮೊದಲೇ ಕಂಪ್ರೆಸರ್ ಇಳಿಸಿ ತೋರಿಸಿಬಿಡಿ.